ಉರಿಗೆ ಹಾಕಿದ ರೂಪಾಯಿ ಸರ

ಆಗೆಲ್ಲ ನಮ್ಮ ಕಡೆ ಬೆಳ್ಳಿಗೆ ಅಂಥಾ ಮರ್ಯಾದೆ ಇರಲಿಲ್ಲ. ಚಿನ್ನಕ್ಕೆ ಬೀರು, ಬೀರುವಿಗೆ ಬೀಗ, ಬೀಗದ ಕೈ ಹೆಂಗಸರ ಸೊಂಟದಲ್ಲಿ. ಬೆಳ್ಳಿ ಮಾತ್ರ ಕೂಸುಗಳ ಉಡುದಾರವಾಗಿ ಅಂಗಳದ ಮಣ್ಣಲ್ಲಿ ಹೊರಳುತ್ತಿತ್ತು, ಕಾಲುಂಗುರವಾಗಿ ಗದ್ದೆಯ ಕೆಸರು ತುಳಿಯುತ್ತಿತ್ತು. ಅಂಥಾ ಕಾಲದಲ್ಲಿ ಬೆಳ್ಳಿಯ ಹಿಂದೆ ಬಿದ್ದು, ಗಟ್ಟಿ ಗಟ್ಟಿಯಾಗಿ ಕೂಡಿಡುತ್ತಿದ್ದ ಒಬ್ಬನೇ ಮನುಷ್ಯನನ್ನು ನಾನು ಕಂಡಿದ್ದು. ಅವನು ನಮ್ಮ ದೊಡ್ಡಪ್ಪ ಜವರಪ್ಪ.

ನಮ್ಮೂರು ಹಿರೀಸಾವೆಯಿಂದ ಒಳಕ್ಕೆ ಮೂರು ಮೈಲಿ. ಅಪ್ಪ, ದೊಡ್ಡಪ್ಪ ಒಂದೇ ಮನೆಯಲ್ಲಿದ್ದರು. ಅಪ್ಪ ಹೊಲ ನೋಡಿಕೊಂಡರೆ ದೊಡ್ಡಪ್ಪನದು ತೆಂಗಿನಕಾಯಿ ವ್ಯಾಪಾರ. ಲಾರಿಗೆ ಕಾಯಿ ತುಂಬಿಸಿಕೊಂಡು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಅಂತ ಸುತ್ತುತ್ತಿದ್ದ. ಕಾಯಿ ಇಳಿಸಿದ ಮೇಲೆ ಜೊತೆಯವರು ಹೋಟೆಲಿಗೋ ಸಿನಿಮಾಕ್ಕೋ ಹೋದರೆ ಇವನು ಆ ಊರಿನ ಅಕ್ಕಸಾಲಿಗರ ಮನೆ ಹುಡುಕಿಕೊಂಡು ಹೋಗಿ ಒಂದು ಬೆಳ್ಳಿ ಗಟ್ಟಿ ಕೊಂಡು ಬರುತ್ತಿದ್ದ. ಗಟ್ಟಿ ಅಂದರೆ, ಈಗ ಪ್ಲಾಸ್ಟಿಕ್ ಕವರಿನೊಳಗೆ ನಂಬರು ಹೊಡೆದು ಮಾರುತ್ತಾರಲ್ಲ, ಆ ನುಣ್ಣನೆಯ ಬಿಲ್ಲೆ ಅಲ್ಲ. ಬೆಳ್ಳಿಯನ್ನು ಮೂಸೆಯಲ್ಲಿ, ಅಂದರೆ ಬೆಂಕಿ ತಡೆಯುವ ಪುಟ್ಟ ಮಣ್ಣಿನ ಕುಡಿಕೆಯಲ್ಲಿ ಕರಗಿಸಿ, ಕಬ್ಬಿಣದ ಅಚ್ಚಿಗೆ ಕೈಯಾರೆ ಹೊಯ್ದದ್ದು. ಒಂದರಂತೆ ಇನ್ನೊಂದು ಇರುತ್ತಿರಲಿಲ್ಲ. ದೊಡ್ಡಪ್ಪನಿಗೆ ಬೇಕಾಗಿದ್ದೇ ಅದು.

ದೊಡ್ಡವ್ವನಿಗೆ ಇದು ದಿನದ ಗೋಳು.

“ನನ್ ಕಿವೀಗೆ ನೆಟ್ಗೆ ಒಂದ್ ಜೊತೆ ವಾಲೆ ಇಲ್ಲ, ಈವಯ್ಯ ಇಟ್ಗೆ ಗೂಡು ಆಕ್ಕಂಡು ಕುಂತವ್ನೆ” ಅನ್ನೋಳು.

“ವಾಲೆ ನಿನ್ ಕಿವೀಲಿರ್ತದೆ, ನಂಗೇನ್ ಬಂತು? ಇದಾದ್ರೆ ನನ್ ಕೈಲಿರ್ತದೆ.”

“ಕೈಲಿ ಇಟ್ಕಂಡು ಏನ್ ಮಾಡೀಯೆ?”

“ನ್ವಾಡ್ತೀನಿ.”

ನಿಜವಾಗಿಯೂ ಅವನು ಮಾಡುತ್ತಿದ್ದುದು ಅಷ್ಟೇ. ಒಂದು ಹಳೇ ಟ್ರಂಕಿನಲ್ಲಿ ಪ್ರತಿ ಗಟ್ಟಿಯನ್ನೂ ಪಂಚೆಯ ಚಿಂದಿಯಲ್ಲಿ ಸುತ್ತಿ, ಕಪ್ಪಾಗದಿರಲೆಂದು ಪಕ್ಕದಲ್ಲಿ ಒಂದು ಸೀಮೆಸುಣ್ಣದ ಚೂರು ಇಟ್ಟಿರುತ್ತಿದ್ದ. ಟ್ರಂಕ್ ತೆಗೆದರೆ ಸುಣ್ಣ, ಹಳೇ ಬಟ್ಟೆ, ತೆಂಗಿನ ನಾರು ಎಲ್ಲಾ ಸೇರಿದ ಒಂದು ವಾಸನೆ. ಬೇಸಿಗೆಯ ಮಧ್ಯಾಹ್ನ ಊಟವಾದ ಮೇಲೆ ಅವನು ಚಾಪೆ ಹಾಸಿಕೊಂಡು ಕೂತು ಗಟ್ಟಿಗಳನ್ನು ಬಿಚ್ಚಿದರೆ ನಾನು ಮತ್ತು ಅವನ ಮಗ ಮಂಜ ಎರಡೂ ಕಡೆ ಹಾಜರು. ನಮಗೊಂದು ಆಟ ಕಟ್ಟಿಕೊಟ್ಟಿದ್ದ. ಕಣ್ಣು ಮುಚ್ಚಬೇಕು, ಗಟ್ಟಿಯನ್ನು ಅಂಗೈಯಲ್ಲಿ ಇಡುತ್ತಾನೆ, ಬೆರಳಾಡಿಸಿ ಯಾವ ಊರಿನದು ಅಂತ ಹೇಳಬೇಕು. ಹಾಸನದ್ದಕ್ಕೆ ಅಂಚು ಚೂಪು. ಅರಕಲಗೂಡಿನದಕ್ಕೆ ಒಂದು ಮೂಲೆ ಮೊಂಡು. ಹೊಳೆನರಸೀಪುರದ್ದು ಹೊಟ್ಟೆ ಆಳಕ್ಕೆ ಇಳಿದಿರುತ್ತಿತ್ತು. ಚನ್ನರಾಯಪಟ್ಟಣದ ಪುಟ್ಟಾಚಾರ್ರ ಅಚ್ಚಿನಲ್ಲಿ ಎಲ್ಲೋ ಒಂದು ಚಕ್ಕೆ ಎದ್ದಿತ್ತು ಅಂತ ಕಾಣುತ್ತದೆ, ಅವರ ಗಟ್ಟಿಯ ತಳದಲ್ಲಿ ಸಾಸಿವೆ ಕಾಳಿನಷ್ಟು ಗಂಟು ಇರುತ್ತಿತ್ತು. ಮಂಜ ಮೂಸಿ ನೋಡಿ ಹೇಳುತ್ತೇನೆ ಅಂತ ಬಡಾಯಿ ಕೊಚ್ಚಿ, ರೆಪ್ಪೆಯ ಸಂದಿಯಲ್ಲಿ ನೋಡಿ ಸಿಕ್ಕಿಬೀಳುತ್ತಿದ್ದ.

ನನಗೆ ಆಟಕ್ಕಿಂತ ಪ್ರಶ್ನೆಗಳ ಹುಚ್ಚು.

“ದೊಡ್ಡಪ್ಪ, ಇದರ ಹೊಟ್ಟೆ ಯಾಕೆ ಒಳಗೆ ಹೋಗಿದೆ?”

“ಅಸ್ಕಂಡದೆ ಕಣವ್ವ.”

“ತಮಾಷೆ ಬೇಡ. ಈ ಗೆರೆ ಏನು?”

“ಅಲೆ. ಕೆರೆಗೆ ಕಲ್ ಎಸುದ್ರೆ ಏಳ್ತದಲ್ಲ, ಅಂಗೆ. ಏಳ್ತಾ ಇದ್ದಂಗೇ ಗಟ್ಟಿ ಆಗೋಗದೆ.”

ಕಲ್ಲಿನಂಥಾ ಬೆಳ್ಳಿ ನೀರಾಗಿ, ನೀರಿನಲ್ಲಿ ಅಲೆ ಎದ್ದು, ಆ ಅಲೆ ಎದ್ದಲ್ಲೇ ನಿಂತುಬಿಡುವುದು ಅಂದರೇನು ಅಂತ ನನಗೆ ನಿದ್ದೆಯಲ್ಲೂ ಯೋಚನೆ. ನೀರಾದಾಗ ಯಾವ ಬಣ್ಣ ಇರುತ್ತದೆ? ಹೊಯ್ಯುವಾಗ ಸದ್ದು ಬರುತ್ತದೆಯೇ? ದೊಡ್ಡಪ್ಪನನ್ನು ಕೇಳಿದರೆ, “ನಾನೊಂದ್ಸಲ ಕಂಡಿವ್ನಿ. ಏಳಕ್ಕಾಗಕಿಲ್ಲ ಬುಡು” ಅಂದ. ಬಾಯಿಬಡುಕ ಮನುಷ್ಯ, ಹೇಳಕ್ಕಾಗಲ್ಲ ಅಂದುಬಿಟ್ಟರೆ ಕೇಳಿದವರ ಗತಿ ಏನು? ಮುಂದಿನ ಸಲ ಆಚಾರ್ರ ಮನೆಗೆ ನನ್ನನ್ನೂ ಕರೆದುಕೊಂಡು ಹೋಗಲೇಬೇಕು ಅಂತ ಅವನ ಪಂಚೆಯ ಚುಂಗು ಹಿಡಿದುಕೊಂಡು ಓಡಾಡಿದೆ.

ಇದೆಲ್ಲ ನಾನು ಐದನೇ ಕ್ಲಾಸಿನಲ್ಲಿದ್ದಾಗಿನ ಮಾತು. ಆ ವರ್ಷವೇ ನಮ್ಮ ಶಾಲೆಗೆ ಹೊಸ ಮೇಷ್ಟ್ರು ಬಂದಿದ್ದರು. ನಮ್ಮೂರಲ್ಲಿ ಹ ಅನ್ನುವ ಅಕ್ಷರ ಪುಸ್ತಕದಲ್ಲಿ ಇತ್ತೇ ಹೊರತು ಬಾಯಲ್ಲಿರಲಿಲ್ಲ. ಹಾಸನ ಆಸ್ನ, ಹುಣಸೆ ಉಣ್ಸೆ, ಹೇಮಾವತಿ ಅಂತ ಹೊಳೆಯ ಹೆಸರಿಟ್ಟುಕೊಂಡ ನಾನು ಏಮಾ. ಮೇಷ್ಟ್ರು ಹಟ ಹಿಡಿದರು. ಅಂಗೈಯನ್ನು ಬಾಯಿಯ ಮುಂದೆ ಇಟ್ಟುಕೊಳ್ಳಬೇಕು, ಹ ಅಂದಾಗ ಬೆಚ್ಚನೆ ಉಸಿರು ತಾಕಬೇಕು. ತಾಕದಿದ್ದರೆ ಅದೇ ಅಂಗೈಗೆ ಬೆತ್ತ ತಾಕುತ್ತಿತ್ತು. ಹಕ್ಕಿ ಹಾರಿತು ಅನ್ನು ಅಂದರೆ ಮಂಜ “ಅಕ್ಕಿ ಆರ್ತು ಸಾ” ಅನ್ನೋನು. “ಆರಿದ್ರೆ ಅನ್ನ ಮಾಡ್ಕೊಂಡು ಉಣ್ಣು” ಅಂತ ಅವರು ಎರಡು ಬಿಗಿಯುತ್ತಿದ್ದರು.

ನಾನು ಮಾತ್ರ ಒಂದೇ ತಿಂಗಳಿಗೆ ಪಳಗಿದೆ. ಪಳಗಿದ್ದು ಮಾತ್ರವಲ್ಲ, ತಲೆ ಕೂಡ ತಿರುಗಿತು. ಮನೆಯಲ್ಲಿ ಎಲ್ಲರ ಮಾತಿಗೂ ಹ ಸೇರಿಸಿಕೊಂಡು ಓಡಾಡತೊಡಗಿದೆ. ಅಜ್ಜಿ ಬೇಸತ್ತು, “ನಿನ್ ಅಕಾರ ನೀನೇ ಇಕ್ಕಂಡಿರು, ನಂಗೆ ಈ ವಯ್ಸಲ್ಲಿ ಉಸ್ರು ದಂಡ ಮಾಡಕ್ಕಾಗಕಿಲ್ಲ” ಅಂದಳು. ದೊಡ್ಡಪ್ಪನಿಗೆ ಮಾತ್ರ ಹೆಮ್ಮೆ. ಅವನಿಗೆ ರುಜು ಬಿಟ್ಟರೆ ಅಕ್ಷರ ಬರುತ್ತಿರಲಿಲ್ಲ. ಹೀಗಾಗಿ ಅವನ ಚೀಟಿಗಳನ್ನೆಲ್ಲ ಬರೆಯುವ ಕೆಲಸ ನನಗೆ ಬಂತು.

ಇನ್ನು ಅಜ್ಜಿಯ ಸರದ ವಿಷಯ ಹೇಳಬೇಕು. ದೊಡ್ಡಪ್ಪ, ಅಪ್ಪ ಇಬ್ಬರ ತಾಯಿ ಅವಳು. ಅವಳ ತವರಲ್ಲಿ ಒಂದು ಪದ್ಧತಿ ಇತ್ತಂತೆ. ಮಗಳು ಹೆತ್ತಾಗ ತಂದೆ ಒಂದು ಬೆಳ್ಳಿ ರೂಪಾಯಿ ತಂದು ತೊಟ್ಟಿಲಿಗೆ ಕಟ್ಟುವುದು. ಕೂಸು ತೊಟ್ಟಿಲು ಬಿಟ್ಟ ಮೇಲೆ ಆ ರೂಪಾಯಿಗೆ ಒಂದು ಕೊಂಡಿ ಬೆಸೆದು ತಾಯಿ ತನ್ನ ಕೊರಳಿನ ಸರಕ್ಕೆ ಸೇರಿಸಿಕೊಳ್ಳುವುದು. ಅಜ್ಜಿಯ ಸರದಲ್ಲಿ ಏಳು ರೂಪಾಯಿ ಇದ್ದವು, ಒಂದೊಂದರ ಮೇಲೂ ಯಾವುದೋ ರಾಜನ ತಲೆ. ಹೆತ್ತಿದ್ದು ಏಳು, ಉಳಿದಿದ್ದು ನಾಲ್ಕು.

ಹಬ್ಬದ ಹಿಂದಿನ ದಿನ ಅಜ್ಜಿ ಹಿತ್ತಿಲ ಕಲ್ಲಿನ ಮೇಲೆ ಕೂತು ಹುಣಸೆಹಣ್ಣು, ಒಲೆಯ ಬೂದಿ ಹಾಕಿ ಸರ ತೊಳೆಯುತ್ತಿದ್ದಳು. ನೀರು ಹಾಕುವುದು ನನ್ನ ಕೆಲಸ. ಒಂದೊಂದು ರೂಪಾಯಿಯನ್ನೂ ಹೆಬ್ಬೆರಳಿನಲ್ಲಿ ಉಜ್ಜುತ್ತಾ ಆ ಮಗುವಿನ ಹೆಸರು ಹೇಳುತ್ತಿದ್ದಳು. ಮೊದಲನೆಯದು ಕೆಂಪಿ, ದಡಾರದಲ್ಲಿ ಹೋದ ಹೆಣ್ಣುಮಗು. ಎರಡನೆಯದು ಜವರ, ನಮ್ಮ ದೊಡ್ಡಪ್ಪ. ಹಾಗೆ ಸಾಗಿ ಜಯಮ್ಮತ್ತೆಗೆ ಮುಗಿಯುತ್ತಿತ್ತು. ಹೋದ ಮಕ್ಕಳ ಹೆಸರು ಬಂದಾಗ ಅಜ್ಜಿಯ ದನಿ ಇಳಿಯುತ್ತಿತ್ತು, ತೊಳೆಯುವುದು ಮಾತ್ರ ಇನ್ನೂ ಸ್ವಲ್ಪ ಹೊತ್ತು ಆಗುತ್ತಿತ್ತು. ಬೇರೆ ದಿನ ಮನೆಯಲ್ಲಿ ಆ ಹೆಸರು ಎತ್ತುವಂತಿರಲಿಲ್ಲ, ಅದು ತಾತನ ಕಾಲದ ಕಟ್ಟಳೆ. ಬೇರೆಯವರಿಗೆ ಹಿತ್ತಿಲಲ್ಲಿ ಬಂದು ಕೂರುವ ಪುರಸೊತ್ತೂ ಇರಲಿಲ್ಲ. ನನಗೆ ಮಾತ್ರ ಆಗ ಏಳೂ ಹೆಸರು ಮಗ್ಗಿಯ ಹಾಗೆ ಬಾಯಿಗೆ ಬರುತ್ತಿದ್ದವು.

ಆ ವರ್ಷ ಗೌರಿ ಹಬ್ಬಕ್ಕೆ ಹದಿನೈದು ದಿನ ಇರುವಾಗ ಸರದ ದಾರ ಸವೆದುಹೋಯಿತು. ಅದು ಬರೀ ದಾರವಲ್ಲ, ರೇಷ್ಮೆ ಎಳೆಗಳನ್ನು ಹೊಸೆದು ಮಾಡಿದ ಕಪ್ಪು ಹುರಿ. ಪುಟ್ಟಾಚಾರ್ರ ಹೆಂಡತಿ ಮನೆಯಲ್ಲೇ ಅಂಥಾ ಹುರಿ ಹೊಸೆದು ಸರಗಳಿಗೆ ಹಾಕಿಕೊಡುತ್ತಿದ್ದರು. ಈಗ ನೋಡಿ, ನಮ್ಮ ಬಾಯಲ್ಲಿ ಹುರಿಯೂ ಉರಿಯೇ, ಬೆಂಕಿಯೂ ಉರಿಯೇ. ಅದರಿಂದ ಯಾರಿಗೂ ಯಾವತ್ತೂ ತೊಂದರೆ ಆಗಿರಲಿಲ್ಲ. ಒಲೆ ಮುಂದೆ ಕೂತು ಉರಿ ಅಂದರೆ ಬೆಂಕಿ, ಸರ ಹಿಡಿದುಕೊಂಡು ಉರಿ ಅಂದರೆ ದಾರ. ಇದಕ್ಕೆ ಮೇಷ್ಟ್ರು ಬೇಕೇ?

ದೊಡ್ಡಪ್ಪ ಎರಡು ಪೊಟ್ಟಣ ಕಟ್ಟಿದ. ಒಂದರಲ್ಲಿ ಊರಲ್ಲಿ ಅವರಿವರಿಂದ ಕೊಂಡಿದ್ದ ಮುರಿದ ಕಾಲುಚೈನು, ಹಳೇ ಉಡುದಾರ. ಇನ್ನೊಂದರಲ್ಲಿ ಅಜ್ಜಿಯ ಸರ.

“ಅದ್ಲುಬದ್ಲು ಆಗ್ಬಾರ್ದು. ಎಲ್ಡಕ್ಕೂ ಚೀಟಿ ಬರ್ದಾಕು ಮಗಾ. ಒಂದ್ನೇದು, ಇದ್ನ ಕರಗ್ಸಿ ಗಟ್ಟಿ ಉಯ್ದು ಕೊಡಿ.”

ನಾನು ‘ಇದನ್ನು ಕರಗಿಸಿ ಗಟ್ಟಿ ಹೊಯ್ದು ಕೊಡಿ’ ಅಂತ ಗುಂಡಗೆ ಬರೆದೆ, ಹಕಾರಕ್ಕೆ ಇನ್ನಷ್ಟು ಗುಂಡು ಕೊಟ್ಟೆ.

“ಎಲ್ಡ್ನೇದು, ಅವ್ವನ ಸರ, ಉರಿಗ್ ಆಕ್ಕೊಡಿ.”

‘ಅಜ್ಜಿಯ ಸರ. ಉರಿಗೆ ಹಾಕಿಕೊಡಿ’ ಅಂತ ಬರೆದೆ. ಆಕಿ ಅನ್ನುವುದನ್ನು ಹಾಕಿ ಮಾಡಿದೆ. ಉರಿಯನ್ನು ಹಾಗೇ ಬಿಟ್ಟೆ. ಉರಿ ಅನ್ನುವ ಪದ ನಮ್ಮ ಪಾಠದ ಪುಸ್ತಕದಲ್ಲೇ ಇತ್ತಲ್ಲ, ಅದರಲ್ಲಿ ತಪ್ಪು ಎಲ್ಲಿಂದ ಬರಬೇಕು? ಇಲ್ಲಿಯವರೆಗೆ ನನ್ನದು ಬರೀ ಕಾಗುಣಿತದ ತಪ್ಪು.

ಭಾನುವಾರ ಬಸ್ಸು ಹತ್ತಿ ಪಟ್ಟಣಕ್ಕೆ ಹೋದೆವು. ಪುಟ್ಟಾಚಾರ್ರ ಮನೆಯ ಜಗುಲಿಯೇ ಅವರ ಕೆಲಸದ ಜಾಗ. ನೆಲದಲ್ಲಿ ಒಂದು ಕುಳಿ, ಅದರ ತುಂಬ ಇದ್ದಿಲು, ಪಕ್ಕದಲ್ಲಿ ಕೈಯಲ್ಲಿ ತಿರುಗಿಸಿ ಗಾಳಿ ಹಾಕುವ ಚಕ್ರ. ಹುಳಿನೀರಿನ ಬೋಗುಣಿಯಿಂದ ಹಲ್ಲು ಜುಂ ಅನ್ನುವಂಥ ವಾಸನೆ. ಆಚಾರ್ರು ಸಣಕಲು ಮನುಷ್ಯ, ಕನ್ನಡಕವನ್ನು ದಾರದಲ್ಲಿ ಕಿವಿಗೆ ಕಟ್ಟಿಕೊಂಡಿದ್ದರು. ದೊಡ್ಡಪ್ಪ ಪೊಟ್ಟಣಗಳನ್ನು ಅವರ ಮುಂದಿಟ್ಟು, “ಗಟ್ಟಿ ಉಯ್ಯಾದು ನ್ವಾಡ್ಬೇಕು ಅಂತ ಪ್ರಾಣ ತಿಂತಾ ಅವ್ಳೆ, ಇಲ್ಲೇ ಕುಂತಿರ್ಲಿ. ಗೋಣಿಚೀಲ ತಕಂಡು ಬತ್ತೀನಿ” ಅಂತ ಮಾರ್ಕೆಟ್ಟಿಗೆ ಹೋದ.

ಆಚಾರ್ರು ಮೊದಲನೇ ಪೊಟ್ಟಣ ಬಿಚ್ಚಿ, ಚೀಟಿ ಓದಿ, ಕಾಲುಚೈನನ್ನು ಬೆಳಕಿಗೆ ಹಿಡಿದರು.

“ಇದು ಇವತ್ತಾಗಕಿಲ್ಲ ಮಗಾ. ಬೆಸ್ಗೆ ಜಾಸ್ತಿ ಅದೆ, ಕಸ ಅದೆ. ಶುದ್ಧ ಮಾಡಕ್ಕೇ ಎಲ್ಡು ದಿನ ಬೇಕು.”

ಎಷ್ಟು ದಿನದಿಂದ ಕಾದಿದ್ದೆ, ಮಂಜನ ಮುಂದೆ ಎಷ್ಟು ಜಂಬ ಕೊಚ್ಚಿದ್ದೆ. ನನ್ನ ಮುಖ ನೋಡಿ ಅವರಿಗೂ ಪಾಪ ಅನಿಸಿರಬೇಕು. “ಇದೇನ್ ನ್ವಾಡಾಣ” ಅಂತ ಎರಡನೇ ಪೊಟ್ಟಣ ಬಿಚ್ಚಿದರು. ಏಳು ರೂಪಾಯಿ ಕಂಡು ಅವರ ಕಣ್ಣು ಅರಳಿತು. “ಅಳೇ ಕಾಲದ್ ಬೆಳ್ಳಿ. ಇದಾದ್ರೆ ಈಗ್ಲೇ ಆಯ್ತದೆ” ಅಂದರು. ಚೀಟಿಯನ್ನು ತುಟಿ ಅಲ್ಲಾಡಿಸಿ ಓದಿದರು. ಮತ್ತೊಂದು ಸಲ ಓದಿದರು. ಆಮೇಲೆ ಸವೆದ ದಾರ ಎಳೆದರು, ರೂಪಾಯಿಗಳು ತಟ್ಟೆಗೆ ಠಣ ಠಣ ಬಿದ್ದವು. ದಾರವನ್ನು ನನ್ನ ಕೈಗೆ ಕೊಟ್ಟರು.

“ತಗಾ, ಈ ಅಳೇ ಉರಿ ಅತ್ಲಾಗ್ ಬಿಸಾಕು.”

ಆಗ ನನಗೆ ಗೊತ್ತಾಯಿತು. ಕೈಯಲ್ಲಿ ಉರಿ ಇತ್ತು. ದೊಡ್ಡಪ್ಪ ಹೇಳಿದ್ದು ಈ ಉರಿ. ಬಿಟ್ಟುಹೋದ ಹ ಎಲ್ಲಿ ಕೂರಬೇಕಿತ್ತು ಅಂತ ಬೋರ್ಡಿನ ಮೇಲೆ ಬರೆದಷ್ಟು ಸ್ಪಷ್ಟವಾಗಿ ಕಾಣಿಸಿತು.

ಆಚಾರ್ರಿಗೂ ಏನೋ ಅನುಮಾನ. ಕೊಂಡಿಗಳನ್ನು ಬಿಡಿಸಿ, ಇಕ್ಕಳದಲ್ಲಿ ಮೊದಲನೇ ರೂಪಾಯಿ ಹಿಡಿದವರು ಮೂಸೆಯ ಮೇಲೆ ಕೈ ನಿಲ್ಲಿಸಿ ಕೇಳಿದರು. “ಉರಿಗೇ ಅಲ್ವಾ ಮಗಾ?”

“ಉರಿಗೇ” ಅಂದೆ.

ಆ ಮಾತು ಹೇಗೆ ಕೇಳಿದರೂ ಸುಳ್ಳಲ್ಲ. ಅದೇ ಅದರ ಅನುಕೂಲ. ಆದರೆ ಅವರ ಕೈ ಎಲ್ಲಿತ್ತು ಅಂತ ನನ್ನ ಕಣ್ಣು ನೋಡುತ್ತಿತ್ತು.

“ಬಾಯ್ಮಾತಾಗಿದ್ರೆ ಬ್ಯಾರೆ. ಇಸ್ಕೂಲ್ ಮಗು ಬರ್ದದೆ, ಅ ಆಕೋ ತಾವ್ ಅ ಆಕದೆ” ಅಂತ ‘ಹಾಕಿಕೊಡಿ’ಯ ಹ ನೋಡುತ್ತಾ ಅವರು ತಮಗೇ ಹೇಳಿಕೊಂಡರು. ರೂಪಾಯಿ ಒಂದೊಂದಾಗಿ ಒಳಗೆ ಹೋದವು.

ಇದ್ದಿಲು ಕೆಂಪಾಯಿತು, ಹಳದಿಯಾಯಿತು. ಆಚಾರ್ರು ಕಸ ಬಿಡಿಸುವ ಬಿಳಿಗಾರದ ಪುಡಿ ಎಸೆದರು, ಅದು ಅರಳಿನ ಹಾಗೆ ಉಬ್ಬಿ ಕುಸಿಯಿತು. ಕುತ್ತಿಗೆ ಚಾಚಿ ನೋಡಿದೆ. ರಾಜರ ಕಿವಿ, ಮೂಗು ಮೆತ್ತಗಾಗಿ ಜಾರುತ್ತಿದ್ದವು. ಯಾವಾಗ ಕರಗಿತೋ ಹೇಳಲು ಬರುವುದಿಲ್ಲ. ಒಂದು ಗಳಿಗೆ ಬಿಲ್ಲೆಗಳಿದ್ದವು, ಮುಂದಿನ ಗಳಿಗೆ ಮೂಸೆಯ ತಳದಲ್ಲಿ ದುಂಡನೆಯ ಒಂದು ಕಣ್ಣು ಹೊರಳುತ್ತಿತ್ತು. ಬೆಳ್ಳಿ ನೀರಾದಾಗ ಬೆಳ್ಳಗಿರುವುದಿಲ್ಲ. ಕಿತ್ತಳೆ ಬಣ್ಣದ ಬೆಳಕು, ಅದರ ಮೇಲೆ ಏನೋ ತೆಳ್ಳಗೆ ಜಾರುತ್ತಾ ಇರುತ್ತದೆ. ಹರಳೆಣ್ಣೆ ಸವರಿದ ಅಚ್ಚಿಗೆ ಹೊಯ್ದರು. ಸದ್ದೇ ಇಲ್ಲ. ಎಣ್ಣೆ ಭಸ್ ಅಂತ ಹತ್ತಿ ಆರಿತು, ಹೊಗೆ ಕಣ್ಣಿಗೆ ನುಗ್ಗಿತು, ಆದರೂ ನಾನು ರೆಪ್ಪೆ ಬಡಿಯಲಿಲ್ಲ. ಮೇಲ್ಮೈ ಹಾಲಿನ ಕೆನೆಯಂತೆ ಸುಕ್ಕಾಯಿತು, ಅಲೆ ಅಲ್ಲಲ್ಲೇ ನಿಂತಿತು, ನೋಡುತ್ತಿದ್ದಂತೆ ನಡು ಒಳಗೆ ಇಳಿಯಿತು.

“ಹೊಟ್ಟೆ! ಹೊಟ್ಟೆ ಒಳಗೆ ಹೋಯಿತು!” ಅಂತ ಕೂಗಿದೆ.

“ಅಂಚು ಮೊದ್ಲು ಆರ್ತದೆ, ನಡೂದು ಕಡೇಲಿ. ಅದಕ್ಕೇ ಒಳೀಕೆ ಎಳ್ಕತದೆ” ಅಂದರು ಆಚಾರ್ರು.

ಸುಳ್ಳು ಯಾಕೆ ಹೇಳಲಿ, ನನ್ನ ಬಾಲ್ಯದಲ್ಲಿ ಅಷ್ಟು ಖುಷಿಪಟ್ಟ ಇನ್ನೊಂದು ಗಳಿಗೆ ಇಲ್ಲ. ಅಜ್ಜಿಯ ನೆನಪು ಹತ್ತಿರ ಕೂಡ ಸುಳಿಯಲಿಲ್ಲ.

ದೊಡ್ಡಪ್ಪ ಗೋಣಿಚೀಲದ ಕಟ್ಟು ಹೊತ್ತುಕೊಂಡು ಬಂದ. “ಆಚಾರ್ರೇ, ಅವ್ವನ ಸರ ಆಯ್ತಾ?”

“ಆಯ್ತು ಗೌಡ್ರೇ, ಆರ್ತಾ ಅದೆ.”

“ಸರ ಆರಾದೇನು?”

ಆಚಾರ್ರು ಅಚ್ಚಿನ ಕಡೆ ಕೈ ತೋರಿಸಿದರು. ದೊಡ್ಡಪ್ಪನ ಹೆಗಲ ಮೇಲಿನ ಕಟ್ಟು ಕೆಳಗೆ ಬಿತ್ತು.

“ಅದು ಉರಿಗ್ ಕಣ್ರೀ ಆಚಾರ್ರೇ!”

“ಉರಿಗೇ ಆಕಿದ್ದು!”

“ಆ ಉರಿ ಅಲ್ಲ ಕಣ್ರೀ, ದಾರದ್ ಉರಿ!”

ಗಲಾಟೆಗೆ ಒಳಗಿಂದ ಆಚಾರ್ರ ಹೆಂಡತಿ ಓಡಿ ಬಂದರು. “ಉರಿ ಒಳ್ಗೇ ಒಸ್ದು ಮಡ್ಗಿದ್ನಲ್ಲ! ಒಂದ್ ಮಾತ್ ನನ್ ಕೇಳ್ಬಾರ್ದಾ?” ಅಂತ ಗಂಡನನ್ನು ಗದರಿದರು. ಆಚಾರ್ರು ಹಣೆ ಚಚ್ಚಿಕೊಂಡರು. “ಮಗೂನ್ ಕೇಳ್ದೆ ಕಣೇ, ಉರಿಗೇ ಅಂತು.” ಮೂವರೂ ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಬೇರೆಯವರ ಮನೆಯ ಕತೆಯಾಗಿದ್ದರೆ ನಾವೆಲ್ಲ ಅಲ್ಲೇ ಬಿದ್ದು ಬಿದ್ದು ನಗುತ್ತಿದ್ದೆವು.

ಕೊನೆಗೆ ದೊಡ್ಡಪ್ಪನೇ, “ಮಗ ಏನ್ ಕಂಡದೆ ಬುಡಿ. ನಂಗ್ ಅಕ್ಸರ ಬರ್ದೆ ಇದ್ದುದ್ಕೆ ಇಂಗಾಯ್ತು” ಅಂದ. ದಾರಿಯುದ್ದಕ್ಕೂ ಆ ಗಟ್ಟಿ ಅವನ ಅಂಗಿಯ ಜೇಬಿನಲ್ಲಿತ್ತು. ಹೆಬ್ಬೆರಳುದ್ದದ ಗಟ್ಟಿ. ಅವನು ಅದನ್ನು ಒಂದು ಸಲವೂ ಹೊರತೆಗೆದು ನೋಡಲಿಲ್ಲ.

ಮನೆಯಲ್ಲಿ ಅಜ್ಜಿ ಜಗುಲಿಯ ಮೇಲೆ ಅಲಸಂದೆಕಾಯಿ ಬಿಡಿಸುತ್ತಾ ಕೂತಿದ್ದಳು. “ಅವ್ವ, ತೆಪ್ಪು ನಂದು” ಅಂತ ಶುರುಮಾಡಿ ದೊಡ್ಡಪ್ಪ ಎಲ್ಲಾ ಹೇಳಿದ. ಅಜ್ಜಿ ಬೈಯಲಿಲ್ಲ, ಅಳಲಿಲ್ಲ. ಕೈ ಒರೆಸಿಕೊಂಡು ಗಟ್ಟಿ ಇಸಿದುಕೊಂಡಳು. “ಇನ್ನೂ ಬೆಚ್ಗದೆ” ಅಂದಳು. ಬೆರಳನ್ನು ಈ ತುದಿಯಿಂದ ಆ ತುದಿಗೆ ಎಳೆದಳು, ಮಗುಚಿ ಮತ್ತೆ ಎಳೆದಳು.

“ಕೆಂಪಿ ಯಾವ್ ಕಡೀಕವ್ಳೆ ಜವ್ರ?” ಅಂತ ಕೇಳಿದಳು.

ಹಬ್ಬವಲ್ಲದ ದಿನ ಆ ಹೆಸರು ಮನೆಯಲ್ಲಿ ಕೇಳಿಸಿದ್ದು ಅದೇ ಮೊದಲು. ದೊಡ್ಡವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ದೊಡ್ಡಪ್ಪ ಕಂಬಕ್ಕೆ ಒರಗಿಕೊಂಡು ನಿಂತ. “ಅಜ್ಜೀ, ನಂಗೆ ಗೊತ್ತಿತ್ತು” ಅನ್ನಬೇಕಿತ್ತು ನಾನು. ಎಷ್ಟು ಸಣ್ಣ ಮಾತು. ಅಜ್ಜಿ ಬಿಟ್ಟಿದ್ದ ಅಲಸಂದೆಕಾಯಿ ಎಳೆದುಕೊಂಡು ಬಿಡಿಸತೊಡಗಿದೆ.

ಆಮೇಲೆ ಅದು ಊರಿಗೆಲ್ಲ ತಮಾಷೆಯಾಯಿತು. ಮೇಷ್ಟ್ರು ಕ್ಲಾಸಿನಲ್ಲೇ ಹೇಳಿದರು, “ನೋಡ್ರೋ, ಒಂದು ಹ ಬಿಟ್ಟಿದ್ದಕ್ಕೆ ಬೆಳ್ಳಿ ಸರಾನೇ ಕರಗೋಯ್ತು.” ಎಲ್ಲರೂ ನಕ್ಕರು, ನಾನೂ ನಕ್ಕೆ. ಹ ಬಿಟ್ಟವಳು ಅನ್ನಿಸಿಕೊಳ್ಳುವುದು ನನಗೆ ಎಷ್ಟೋ ವಾಸಿಯಾಗಿತ್ತು. ಅದರ ಹಿಂದೆ ಅವಿತುಕೊಂಡೇ ದೊಡ್ಡವಳಾದೆ. ಈಗ ಬರೆಯುತ್ತಿದ್ದೇನೆ, ನಿಮಗಿಂತ ಮೊದಲು ಯಾರಿಗೂ ಹೇಳಿಲ್ಲ.

ಗೌರಿ ಹಬ್ಬದ ಹಿಂದಿನ ದಿನ ಅಜ್ಜಿ ಎಂದಿನಂತೆ ಹಿತ್ತಿಲ ಕಲ್ಲಿನ ಮೇಲೆ ಕೂತಳು. ಹುಣಸೆಹಣ್ಣು ಇತ್ತು, ಬೂದಿ ಇತ್ತು, ನೀರಿನ ಚೊಂಬು ಹಿಡಿದು ನಾನೂ ಇದ್ದೆ. ಗಟ್ಟಿಯನ್ನು ಉಜ್ಜಿದಳು, ತೊಳೆದಳು, ಸೆರಗಿನಲ್ಲಿ ಒರೆಸಿದಳು. ಎಲ್ಲಾ ಒಂದೇ ನಿಮಿಷದಲ್ಲಿ ಮುಗಿಯಿತು.

“ಹೆಸರು ಹೇಳಲ್ವಾ ಅಜ್ಜಿ?”

“ಯಾವುದ್ನ ಮುಟ್ಕಂಡು ಏಳ್ಲವ್ವ?” ಅಂದಳು.

ಸಿಟ್ಟಿನಿಂದ ಅಂದಿದ್ದಲ್ಲ. ಅವಳಿಗೆ ನಿಜವಾಗಿಯೂ ಗೊತ್ತಾಗಲಿಲ್ಲ. ಆಮೇಲೆ ನಾಲ್ಕು ವರ್ಷ ಬದುಕಿದ್ದಳು, ಎಷ್ಟೋ ಹಬ್ಬ ಬಂದು ಹೋದವು. ಆ ಹೆಸರುಗಳನ್ನು ಮಾತ್ರ ಅವಳ ಬಾಯಲ್ಲಿ ಮತ್ತೆ ಕೇಳಲಿಲ್ಲ. ನಾನೂ ಹೈಸ್ಕೂಲು, ಹಾಸನದ ಹಾಸ್ಟೆಲು ಅಂತ ಹೋದೆ. ಹೇಳಿಕೊಳ್ಳದ ಮಗ್ಗಿ ಮರೆತುಹೋಗುತ್ತದೆ ಅಂತ ಆಗ ಯಾರು ಕಂಡಿದ್ದರು?

ಈಗ ನಾನು ಹಾಸನದಲ್ಲೇ ಇದ್ದೇನೆ. ದೊಡ್ಡಪ್ಪ ಹೋಗಿ ಆರು ವರ್ಷವಾಯಿತು. ಅವನ ಗಟ್ಟಿಗಳು ಮಂಜ ಮನೆ ಕಟ್ಟುವಾಗ ಒಂದೊಂದಾಗಿ ಹೋದವು. ಅವನ್ನು ಹೊಯ್ದ ಆಚಾರ್ರುಗಳ ಜಗುಲಿಗಳಲ್ಲಿ ಈಗ ಮೊಬೈಲ್ ಅಂಗಡಿ, ಬೇಕರಿ. ಬೆಳ್ಳಿಗೆ ಈಗ ಎಲ್ಲಿಲ್ಲದ ಮರ್ಯಾದೆ ಬಂದಿದೆ, ನನ್ನ ಮಗಳೂ ಫೋನಿನಲ್ಲೇ ಒಂದು ಬಿಲ್ಲೆ ತರಿಸಿಕೊಂಡಿದ್ದಾಳೆ, ಅಂಚು ಮೂಲೆ ಎಲ್ಲಾ ಅಳತೆ ಹಿಡಿದಂತಿದೆ. ಅಜ್ಜಿಯ ಆ ಸಣ್ಣ ಗಟ್ಟಿಯನ್ನು ಮಾತ್ರ ಮಂಜ ಮಾರಲಿಲ್ಲ. “ಇದು ನಿಂದೇ ಕಣಮ್ಮಿ” ಅಂತ ತಂದು ಕೊಟ್ಟ. ಮಗಳು ಅದನ್ನು ತೂಕಕ್ಕಿಟ್ಟು ನೋಡಿ, ಏಳು ರೂಪಾಯಿಯ ಬೆಳ್ಳಿ ಸರಿಯಾಗಿದೆ ಅಂದಳು. ಆಮೇಲೆ, “ಅಮ್ಮ, ಯಾರ್ ಯಾರದ್ದು ಆ ಏಳು?” ಅಂತ ಕೇಳಿದಳು. ಹೇಳಲು ಹೋಗಿ ತಡವರಿಸಿದೆ.

ಅದಕ್ಕೇ ಹೋದ ತಿಂಗಳು ಅರಕಲಗೂಡಿಗೆ ಹೋದೆ. ಏಳು ಮಕ್ಕಳಲ್ಲಿ ಈಗ ಉಳಿದಿರುವುದು ಅಲ್ಲಿರುವ ತಾಯಮ್ಮತ್ತೆ ಒಬ್ಬಳೇ. ಕಿವಿ ಸ್ವಲ್ಪ ಮಂದ, ನೆನಪು ಚುರುಕು. ಕಾಫಿ ಕುಡಿದ ಮೇಲೆ ಗಟ್ಟಿಯನ್ನು ಅವಳ ಕೈಗೆ ಕೊಟ್ಟು, “ಅತ್ತೆ, ಉಳಿಯದ ಮೂರು ಮಕ್ಕಳ ಹೆಸರು ಏನು?” ಅಂತ ಕೇಳಿದೆ.

“ಕೆಂಪಿ ಒಬ್ಳು. ಮಿಕ್ಕಿದ್ದು ನಂಗೆಲ್ ಗೊತ್ತವ್ವ? ಅವು ಓದಾಗ ನಾನೇ ಕೂಸು. ಅವ್ವ ಸರ ತೊಳಿಯಾವಾಗ ಬುಟ್ರೆ ಇನ್ಯಾವಾಗ್ಲೂ ಏಳ್ತಿರ್ನಿಲ್ಲ.” ಅತ್ತೆ ಗಟ್ಟಿಯನ್ನು ನನ್ನ ಕಡೆ ಹಿಡಿದಳು. “ಅಬ್ಬ ಬಂದ್ರೆ ಅವಳ್ ಮಗ್ಗುಲಲ್ಲಿ ಕುಂತಿರ್ತಿದ್ದೋಳು ನೀನೇ ಅಲ್ವಾ? ನಿಂಗೆ ಬತ್ತದೆ. ಏಳು, ನಾನೂ ಒಂದ್ಸಲ ಕೇಳ್ತೀನಿ.”

“ಕೆಂಪಿ” ಅಂದೆ. “ಜವರ” ಅಂದೆ. ಮೂರನೇ ರೂಪಾಯಿಯ ಅಂಚು ಒಂದು ಕಡೆ ಸವೆದಿತ್ತು, ಅದರ ಮೇಲೆ ನೀರು ಹಾಕಿದ್ದು ನೆನಪಾಯಿತು, ಅಜ್ಜಿಯ ದನಿ ಇಳಿದದ್ದೂ ನೆನಪಾಯಿತು. ಹೆಸರು ಬರಲಿಲ್ಲ. ಅತ್ತೆ ಕಿವಿಯ ಹಿಂದೆ ಕೈ ಇಟ್ಟುಕೊಂಡು, ನನ್ನ ಬಾಯನ್ನೇ ನೋಡುತ್ತಾ ಕಾಯುತ್ತಿದ್ದಳು.